ಕಬೂತರ್‌ಬಾಜಿ: ಮಾಳಿಗೆಯ ಮೇಲೊಂದು ಇತಿಹಾಸ

1494ರ ಜೂನ್ 8. ಮಧ್ಯ ಏಷ್ಯಾದ ಫರ್ಗಾನಾ ಕಣಿವೆಯ ಅಖ್ಸಿ ಕೋಟೆ. ಆಳವಾದ ಕಂದರದ ಅಂಚಿನಲ್ಲಿ ಕಟ್ಟಿದ್ದ ಪಾರಿವಾಳದ ಗೂಡುಮನೆ ಕುಸಿಯಿತು. ಒಳಗಿದ್ದ ಪಾರಿವಾಳಗಳೊಂದಿಗೆ ಆ ನಾಡಿನ ದೊರೆ ಉಮರ್ ಶೇಖ್ ಮಿರ್ಝಾ ಕೂಡ ಕೆಳಗೆ ಬಿದ್ದು ತೀರಿಕೊಂಡ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಮರುದಿನವೇ ಅಧಿಕಾರದ ಭಾರ ಹೊತ್ತ ಅವನ ಮಗನಿಗೆ ಹನ್ನೆರಡನೆಯ ವರ್ಷ ನಡೆಯುತ್ತಿತ್ತು. ಆ ಹುಡುಗನೇ ಮುಂದೆ ಹಿಂದೂಸ್ತಾನಕ್ಕೆ ಬಂದ ಬಾಬರ್. ತಂದೆಯ ಸಾವನ್ನು ಅವನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮೊಗಲರ ಇತಿಹಾಸ ಶುರುವಾಗುವುದೇ ಒಂದು ಪಾರಿವಾಳದ ಗೂಡು ಕುಸಿಯುವುದರಿಂದ ಎಂದರೆ ಅತಿಶಯೋಕ್ತಿಯಾಗದು.

ನಮ್ಮ ನಡುವೆ ಕಬೂತರ್‌ಬಾಜ್ ಎಂಬ ಮಾತಿಗೆ ಅಷ್ಟು ಗೌರವವಿಲ್ಲ. ಕೆಲಸವಿಲ್ಲದವನು, ಹೊತ್ತು ಕಳೆಯುವವನು, ಮಾಳಿಗೆಯ ಮೇಲೆ ನಿಂತು ಸೀಟಿ ಹೊಡೆಯುವವನು ಎಂಬುದೇ ಅದರ ಅರ್ಥ. ಮನೆಯ ಹಿರಿಯರು ಬೈಯುವಾಗ ಬಳಸುವ ಪದವದು. ಆದರೆ ಈ ಪದದ ಹಿಂದೆ ಸಾವಿರಕ್ಕೂ ಹೆಚ್ಚು ವರ್ಷಗಳ ಒಂದು ಅರಿವಿದೆ. ಒಂದು ಹಕ್ಕಿಯ ಸ್ವಭಾವ, ಅದರ ಹಾರಾಟ, ಅದರ ಊಟ, ರೋಗ, ಮೋಹ, ಮುನಿಸು ಇವನ್ನೆಲ್ಲ ದಿನವೂ ನೋಡಿ ತಿಳಿದ ಅರಿವು. ಅದನ್ನು ಬರೆದಿಟ್ಟವರು ಕಡಿಮೆ, ಬಾಯಿಂದ ಬಾಯಿಗೆ ದಾಟಿಸಿದವರೇ ಹೆಚ್ಚು. ಆದ್ದರಿಂದಲೇ ಅದನ್ನು ವಿದ್ಯೆ ಎಂದು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಬಸ್ರಾದ ಜಾಹಿಝ್ ಕಂಡದ್ದು

ಬರೆದಿಟ್ಟವರಲ್ಲಿ ಬಹಳ ಹಿಂದಿನವನು, ಬಹಳ ದೊಡ್ಡವನು ಒಂಬತ್ತನೆಯ ಶತಮಾನದ ಅಲ್ ಜಾಹಿಝ್. ಬಸ್ರಾ ನಗರದ ಈ ಅರಬ್ಬೀ ಗದ್ಯಕಾರನ 'ಕಿತಾಬುಲ್ ಹಯವಾನ್' ಪ್ರಾಣಿಗಳನ್ನು ಕುರಿತ ಬೃಹತ್ ಗ್ರಂಥ. ಅದರಲ್ಲಿ ಪಾರಿವಾಳಕ್ಕೆ ದೀರ್ಘವಾದ ಜಾಗವಿದೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಮೊಟ್ಟೆಗೆ ಕಾವು ಕೊಡುವುದನ್ನು ಅವನು ಗಮನಿಸಿದ್ದಾನೆ. ಮರಿ ಹುಟ್ಟಿದಾಗ ಅದರ ಗಂಟಲ ಚೀಲ ಕಾಳು ಹಿಡಿಯುವಷ್ಟು ಅಗಲವಾಗಿರುವುದಿಲ್ಲ. ಆದ್ದರಿಂದ ತಂದೆತಾಯಿ ಮೊದಲು ಗಾಳಿ ಊದುತ್ತವೆ, ಆಮೇಲೆ ದ್ರವ ಕೊಡುತ್ತವೆ, ಕೊನೆಗೆ ಕಾಳು ಕೊಡುತ್ತವೆ ಎಂದು ವಿವರಿಸುತ್ತಾನೆ. ಇದನ್ನು ಓದಿದರೆ ಅವನು ಗೂಡಿನ ಪಕ್ಕ ಕುಳಿತವರ ಜೊತೆ ತಾನೂ ಕುಳಿತು ಕೇಳಿದ್ದಾನೆ ಎಂದು ಅನಿಸುತ್ತದೆ.

ಇಂದಿನ ವಿಜ್ಞಾನ ಇದರ ಮುಂದಿನ ಮಾತನ್ನು ಹೇಳಿದೆ. ಮರಿಗೆ ಮೊದಲ ದಿನಗಳಲ್ಲಿ ಸಿಗುವುದು 'ಪಾರಿವಾಳದ ಹಾಲು'. ಅದು ಹಸುವಿನ ಹಾಲಿನಂಥದ್ದಲ್ಲ. ಗಂಟಲ ಚೀಲದ ಒಳಪದರದಿಂದ ಬೇರ್ಪಡುವ, ಪ್ರೊಟೀನ್ ಮತ್ತು ಕೊಬ್ಬು ತುಂಬಿದ ಮೊಸರಿನಂಥ ಪದಾರ್ಥ. ತಾಯಿ ಮಾತ್ರವಲ್ಲ, ತಂದೆಯೂ ಈ ಹಾಲನ್ನು ಕೊಡುತ್ತದೆ. ಮನುಷ್ಯರಲ್ಲಿ ತಾಯಿಯ ಎದೆಹಾಲಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನೇ ಇಲ್ಲಿಯೂ ಕೆಲಸ ಮಾಡುತ್ತದೆ. 1930ರ ದಶಕದಲ್ಲಿ ವಿಜ್ಞಾನಿಗಳು ಆ ಹಾರ್ಮೋನಿಗೆ ಹೆಸರಿಟ್ಟಾಗ ಅದನ್ನು ಪರೀಕ್ಷಿಸಿದ್ದು ಪಾರಿವಾಳದ ಗಂಟಲ ಚೀಲದ ಮೇಲೆಯೇ. ಮರಿಯನ್ನು ಹೆತ್ತವರಿಂದ ಬೇಗ ಬೇರ್ಪಡಿಸಬಾರದೆಂದು ಉಸ್ತಾದರು ಹೇಳುವುದು ಸುಮ್ಮನೆ ಅಲ್ಲ. ಆ ಹಾಲಿಗೆ ಸರಿಸಾಟಿಯಾದದ್ದನ್ನು ನಾವು ಕೈಯಿಂದ ಕೊಡಲಾರೆವು.

ಮನೆಗೆ ಮರಳುವ ಹಕ್ಕಿ

ಪಾರಿವಾಳವನ್ನು ಬೇರೆ ಸಾಕುಹಕ್ಕಿಗಳಿಂದ ಬೇರ್ಪಡಿಸುವುದು ಅದರ ಮರಳುವ ಗುಣ. ಪಂಜರದ ಗಿಳಿಗೆ ಬಾಗಿಲು ತೆರೆದರೆ ಹೋಯಿತು. ಪಾರಿವಾಳಕ್ಕೆ ಬಾಗಿಲು ತೆರೆದರೆ ಅದು ಆಕಾಶ ಸುತ್ತಿ ಸಂಜೆಗೆ ಮನೆಗೇ ಬರುತ್ತದೆ. ಸೂರ್ಯನ ಸ್ಥಾನ, ಭೂಮಿಯ ಕಾಂತಕ್ಷೇತ್ರ, ಗಾಳಿ ತರುವ ವಾಸನೆ, ಕೆಳಗೆ ಕಾಣುವ ನದಿ, ರಸ್ತೆ, ಕಟ್ಟಡಗಳ ಗುರುತು ಇವೆಲ್ಲವನ್ನೂ ಅದು ಬಳಸಿಕೊಳ್ಳುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಯಾವುದಕ್ಕೆ ಎಷ್ಟು ಪಾಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ಗುಣವನ್ನು ರಾಜ್ಯಗಳು ಬೇಗನೆ ಕಂಡುಕೊಂಡವು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಸಿರಿಯಾದ ಸುಲ್ತಾನ ನೂರುದ್ದೀನ್ ಝಂಗಿ ಪಾರಿವಾಳದ ಅಂಚೆಯನ್ನು ವ್ಯವಸ್ಥಿತವಾಗಿ ನಡೆಸಿದ. ಬಗ್ದಾದಿನ ಖಲೀಫ ಅನ್ನಾಸಿರ್‌ಗೆ (1180-1225) ಪಾರಿವಾಳವೆಂದರೆ ಪ್ರಾಣ. ಅವನ ಕಾಲದಲ್ಲಿ ಒಳ್ಳೆಯ ಪಾರಿವಾಳಗಳಿಗೆ ವಂಶಾವಳಿಯ ದಾಖಲೆಗಳಿದ್ದವು. ಮುಂದೆ ಈಜಿಪ್ಟಿನ ಮಮ್ಲೂಕರು ಕೈರೋದ ಕೋಟೆಯನ್ನು ಕೇಂದ್ರವಾಗಿಟ್ಟುಕೊಂಡು ಸಿರಿಯಾದವರೆಗೆ ಹಂತ ಹಂತವಾಗಿ ಗೂಡುಗೋಪುರಗಳನ್ನು ನಿಲ್ಲಿಸಿದರು. ತೆಳುವಾದ ಕಾಗದದ ಚೀಟಿ ಕಟ್ಟಿಕೊಂಡು ಹೊರಟ ಹಕ್ಕಿ ಮುಂದಿನ ಗೋಪುರಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಇನ್ನೊಂದು ಹಕ್ಕಿ ಹೊರಡುತ್ತಿತ್ತು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಸಿನಿಮಾಗಳಲ್ಲಿ ಕಾಣುವಂತೆ ಪಾರಿವಾಳ ಹೇಳಿದ ಕಡೆಗೆಲ್ಲ ಹೋಗುವುದಿಲ್ಲ. ಅದು ಹೋಗುವುದು ಒಂದೇ ಕಡೆ, ತನ್ನ ಮನೆಗೆ. ಬುರ್ಹಾನ್‌ಪುರಕ್ಕೆ ಸುದ್ದಿ ಮುಟ್ಟಬೇಕಾದರೆ ಬುರ್ಹಾನ್‌ಪುರದ ಹಕ್ಕಿಯನ್ನೇ ಬುಟ್ಟಿಯಲ್ಲಿಟ್ಟು ಮೊದಲು ದೂರಕ್ಕೆ ಒಯ್ದಿರಬೇಕು.

ಬುರ್ಹಾನ್‌ಪುರದ ಹೆಸರು ಸುಮ್ಮನೆ ತೆಗೆದದ್ದಲ್ಲ. ಜಹಾಂಗೀರ್ ತನ್ನ ದಿನಚರಿಯಲ್ಲಿ, ಬಗ್ದಾದಿನ ಅಬ್ಬಾಸಿ ಖಲೀಫರ ಕಾಲದ ಪತ್ರವಾಹಕ ಪಾರಿವಾಳಗಳ ಸುದ್ದಿ ಕೇಳಿ, ತನ್ನ ಪಾಲಕರಿಗೂ ಹಾಗೆ ಕಲಿಸಲು ಹೇಳಿದೆ ಎಂದು ಬರೆಯುತ್ತಾನೆ. 1617-18ರ ಸುಮಾರಿನ ಮಾತಿದು. ಬೆಳಗ್ಗೆ ಮಾಂಡುವಿನಿಂದ ಹಾರಿಬಿಟ್ಟ ಹಕ್ಕಿಗಳು ಮಳೆ ಜೋರಾಗಿದ್ದರೆ ಒಂದೂವರೆಯಿಂದ ಎರಡೂವರೆ ಪಹರ್ ತೆಗೆದುಕೊಂಡು, ಆಕಾಶ ತಿಳಿಯಾಗಿದ್ದರೆ ಒಂದೇ ಪಹರ್‌ನಲ್ಲಿ ಬುರ್ಹಾನ್‌ಪುರ ತಲುಪುತ್ತಿದ್ದವಂತೆ. ಒಂದು ಪಹರ್ ಎಂದರೆ ಮೂರು ಗಂಟೆ. ಎರಡು ಊರುಗಳ ನಡುವೆ ನೇರ ದೂರ ಸುಮಾರು 140 ಕಿ.ಮೀ. ಅಂದರೆ ಗಂಟೆಗೆ ನಲವತ್ತೈದು ಕಿ.ಮೀ.ಗಿಂತ ತುಸು ಹೆಚ್ಚು. ಇಂದು ಓಟದ ಸ್ಪರ್ಧೆಗೆ ಬಿಡುವ ಹಕ್ಕಿಗಳ ವೇಗ ಬಲ್ಲವರಿಗೆ ಈ ಲೆಕ್ಕ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಜಹಾಂಗೀರ್ ಮತ್ತು ನೂರ್ ಜಹಾನರ ಪ್ರೇಮಕ್ಕೂ ಪಾರಿವಾಳದ ಕಥೆಯೊಂದು ಅಂಟಿಕೊಂಡಿದೆ. ಕೈಗೆ ಕೊಟ್ಟ ಎರಡು ಪಾರಿವಾಳಗಳಲ್ಲಿ ಒಂದು ಹೇಗೆ ಹಾರಿತು ಎಂದು ರಾಜಕುಮಾರ ಕೇಳಿದಾಗ, ಹೀಗೆ ಎಂದು ಇನ್ನೊಂದನ್ನೂ ಹಾರಿಬಿಟ್ಟ ಹುಡುಗಿಯ ಕಥೆ. ಅದು ಜನ ಕಟ್ಟಿದ ಕಥೆ, ಇತಿಹಾಸವಲ್ಲ. ಜಹಾಂಗೀರನ ಕೈಬರಹದ ಪಾರಿವಾಳದ ಲೆಕ್ಕಗಳನ್ನು ಮರೆತು ಜನ ಈ ಕಥೆಯನ್ನು ಮಾತ್ರ ನೆನಪಿಟ್ಟುಕೊಂಡರು.

ಅಕ್ಬರನ ಇಶ್ಕ್‌ಬಾಜಿ

ಪಾರಿವಾಳದ ಆಟಕ್ಕೆ ಅಕ್ಬರ್ ಕೊಟ್ಟ ಹೆಸರು ಇಶ್ಕ್‌ಬಾಜಿ, ಅಂದರೆ ಪ್ರೇಮದಾಟ. ಹರೆಯದಲ್ಲಿ ಅವನಿಗೆ ಈ ಹವ್ಯಾಸವಿತ್ತು. ನಡುವೆ ಬಿಟ್ಟುಬಿಟ್ಟ. ಮತ್ತೆ ವಿಚಾರ ಮಾಡಿ ಕೈಗೆತ್ತಿಕೊಂಡ ಎಂದು ಅಬುಲ್ ಫಝಲ್ 'ಐನೆ ಅಕ್ಬರಿ'ಯಲ್ಲಿ ಬರೆಯುತ್ತಾನೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳು ಆಸ್ಥಾನದಲ್ಲಿದ್ದವು. ಅವುಗಳಲ್ಲಿ ಐನೂರು ಮಾತ್ರ ಖಾಸಾ, ಅಂದರೆ ಆಯ್ದ ಜಾತಿಯವು. ಬಿಡಾರ ಹೊರಟಾಗ ಗೂಡುಗಳೂ ಹೊರಡುತ್ತಿದ್ದವು. ಇರಾನ್ ಮತ್ತು ತೂರಾನಿನಿಂದ ಹೊಸ ಹಕ್ಕಿಗಳು ಕಾಣಿಕೆಯಾಗಿ ಬರುತ್ತಿದ್ದವು.

ಅಬುಲ್ ಫಝಲ್ ಹಾರಾಟವನ್ನೂ ಎಣಿಸಿದ್ದಾನೆ. ಪೂರ್ತಿ ವೃತ್ತ ಸುತ್ತಿ ಮಗುಚುವುದು ಚರ್ಖ್. ಬೆನ್ನ ಮೇಲಾಗಿ ಕಾಲು ಮೇಲೆತ್ತಿ ಸರ್ರನೆ ತಿರುಗುವುದು ಬಾಜಿ. ಒಂದು ಖಾಸಾ ಹಕ್ಕಿ ಹದಿನೈದು ಚರ್ಖ್, ಎಪ್ಪತ್ತು ಬಾಜಿ ಹಾಕುತ್ತಿತ್ತಂತೆ. ಮೊದಲೆಲ್ಲ ಹನ್ನೊಂದು ಅಥವಾ ಇಪ್ಪತ್ತೊಂದು ಹಕ್ಕಿಗಳನ್ನು ಒಟ್ಟಿಗೆ ಬಿಡುತ್ತಿದ್ದರೆ, ಅಕ್ಬರನ ಕಾಲಕ್ಕೆ ಅದು ನೂರೊಂದಕ್ಕೆ ಏರಿತು. ಹಕ್ಕಿಗಳು ಎಷ್ಟು ಪಳಗಿದ್ದವೆಂದರೆ ರಾತ್ರಿಯಲ್ಲೂ ಅವನ್ನು ಹಾರಿಸುತ್ತಿದ್ದರು.

ಊಟದ ಲೆಕ್ಕವಂತೂ ಇಂದು ಹಕ್ಕಿ ಸಾಕುವವರಿಗೂ ಪಾಠ. ಹಾರುವ ನೂರು ಹಕ್ಕಿಗೆ ನಾಲ್ಕು ಸೇರು ಕಾಳು, ಹಾರದವಕ್ಕೆ ಅದಕ್ಕಿಂತ ಹೆಚ್ಚು, ಜೋಡಿ ಕಟ್ಟಿ ಮರಿ ಮಾಡುವವಕ್ಕೆ ಇನ್ನೂ ಹೆಚ್ಚು. ಹಾರುವ ಹಕ್ಕಿಗೆ ಕಿರುಧಾನ್ಯ ಮಾತ್ರ. ಉಳಿದವಕ್ಕೆ ಅಕ್ಕಿ, ಕಡಲೆಬೇಳೆ, ಹೆಸರುಬೇಳೆ, ಜೋಳ ಮುಂತಾದ ಏಳು ಬಗೆಯ ಮಿಶ್ರಣ. ಹೊಟ್ಟೆ ಭಾರವಾದ ಹಕ್ಕಿ ಏಳುವುದಿಲ್ಲ, ಮರಿ ಸಾಕುವ ಹಕ್ಕಿಗೆ ಬೇಳೆಯ ಬಲ ಬೇಕು ಎಂಬ ತಿಳಿವಳಿಕೆ ಈ ಲೆಕ್ಕದೊಳಗಿದೆ.

ಆದರೆ ಅಬುಲ್ ಫಝಲ್ ಇದನ್ನು ಬರೀ ಮೋಜೆಂದು ಒಪ್ಪುವುದಿಲ್ಲ. ಚಂಚಲ ಮನಸ್ಸಿನವರನ್ನು ವಿಧೇಯತೆಗೆ ತರಲು, ಸ್ನೇಹ ಬೆಳೆಸಲು ಬಾದಶಹ ಇದನ್ನು ಬಳಸುತ್ತಾನೆ ಎಂದು ಸಮರ್ಥಿಸುತ್ತಾನೆ. ಒಂದೇ ಆಟಕ್ಕೆ ಪ್ರೇಮ ಎಂಬ ಹೆಸರೂ ಇದೆ, ವಿಧೇಯತೆ ಎಂಬ ಉದ್ದೇಶವೂ ಇದೆ. ಬಿಟ್ಟ ಹಕ್ಕಿ ಮರಳಿ ಬರುವುದು ಪ್ರೀತಿಯಿಂದಲೋ, ಅಧೀನತೆಯಿಂದಲೋ? ಸಾಕುಹಕ್ಕಿಯ ಇಡೀ ಇತಿಹಾಸ ಈ ಪ್ರಶ್ನೆಯ ಸುತ್ತ ನಿಂತಿದೆ.

ಕಿತ್ತೂರಿನಿಂದ ಡಾರ್ವಿನ್‌ವರೆಗೆ

ಅಕ್ಬರನ ಪಾರಿವಾಳಗಳು ಎರಡೂವರೆ ಶತಮಾನದ ನಂತರ ಇಂಗ್ಲೆಂಡಿನಲ್ಲಿ ಮತ್ತೆ ಕಾಣಿಸಿಕೊಂಡವು. 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಜೀವಿಗಳ ಉಗಮದ ಗ್ರಂಥದ ಮೊದಲ ಅಧ್ಯಾಯದಲ್ಲೇ ಅಕ್ಬರನ ಹೆಸರಿದೆ. ತಳಿಗಳನ್ನು ಬೆರೆಸಿ ಅವನು ಅವನ್ನು ಸುಧಾರಿಸಿದ್ದನ್ನು ಡಾರ್ವಿನ್ ಉಲ್ಲೇಖಿಸುತ್ತಾನೆ. ಮನುಷ್ಯ ಆರಿಸಿ ಆರಿಸಿ ಸಾಕಿದರೆ ಒಂದೇ ಬಂಡೆ ಪಾರಿವಾಳದಿಂದ ಇಷ್ಟೊಂದು ಬಗೆ ಹುಟ್ಟಬಹುದಾದರೆ, ನಿಸರ್ಗದ ಆಯ್ಕೆ ಏನೆಲ್ಲ ಮಾಡಬಹುದು ಎಂಬುದು ಅವನ ವಾದದ ಮೆಟ್ಟಿಲು.

ಡಾರ್ವಿನ್ನನಿಗೆ ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿದವನು ವಾಲ್ಟರ್ ಎಲಿಯಟ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಈತ ಒಬ್ಬ. ಮುಂದೆ ಧಾರವಾಡ ಸೀಮೆಯಲ್ಲಿದ್ದು ನಮ್ಮ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದವನೂ ಇವನೇ. 1770ರಲ್ಲಿ ತೀರಿಕೊಂಡ ಸಯ್ಯದ್ ಮುಹಮ್ಮದ್ ಮೂಸವಿ ಎಂಬವರು ಪಾರಿವಾಳಗಳನ್ನು ಕುರಿತು ಬರೆದ ಪರ್ಶಿಯನ್ ಕೃತಿಯ ಅನುವಾದವನ್ನೂ ಎಲಿಯಟ್ ಡಾರ್ವಿನ್ನನಿಗೆ ಒದಗಿಸಿದ. ಡಾರ್ವಿನ್ 1868ರ ಪುಸ್ತಕದಲ್ಲಿ ಅದನ್ನು ನೆನೆದಿದ್ದಾನೆ. ಮಾಳಿಗೆಯ ಮೇಲಿನ ಹವ್ಯಾಸ ಹೀಗೆ ಆಧುನಿಕ ಜೀವವಿಜ್ಞಾನದ ಬುನಾದಿಗೆ ಒಂದು ಕಲ್ಲಾಯಿತು. ಆ ಕಲ್ಲನ್ನು ಹೊತ್ತು ತಂದ ಉಸ್ತಾದರಲ್ಲಿ ಹೆಚ್ಚಿನವರ ಹೆಸರುಗಳು ಮಾತ್ರ ನಮಗೆ ನೆನಪಿಲ್ಲ.

ಲಖನೌದ ಬೆರಗು ಮತ್ತು ಕ್ರೌರ್ಯ

ಅರಸೊತ್ತಿಗೆಗಳು ಕುಸಿಯುತ್ತಾ ಹೋದಂತೆ ಹವ್ಯಾಸ ಇನ್ನಷ್ಟು ಬೆಳೆಯಿತು. 1856ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಅವಧದ ವಾಜಿದ್ ಅಲಿ ಶಾ ಕಲ್ಕತ್ತೆಯ ಮಟಿಯಾ ಬುರ್ಜ್‌ನಲ್ಲಿ ನೆಲೆಸಿದ. 1887ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು ಮಟಿಯಾ ಬುರ್ಜ್‌ನಲ್ಲೇ ಬೆಳೆದ ಉರ್ದು ಲೇಖಕ ಅಬ್ದುಲ್ ಹಲೀಮ್ ಶರರ್ ಬರೆಯುತ್ತಾರೆ. ದಿಲ್ಲಿಯ ಕೊನೆಯ ಬಾದಶಹ ಬಹಾದುರ್ ಶಾ ಝಫರ್‌ನ ಮೆರವಣಿಗೆ ಹೊರಟಾಗ ಇನ್ನೂರು ಪಾರಿವಾಳಗಳು ಮೇಲೆ ಹಾರುತ್ತಾ ನೆರಳಾಗುತ್ತಿದ್ದವು ಎಂಬ ಮಾತನ್ನೂ ಅವರು ದಾಖಲಿಸಿದ್ದಾರೆ. ನೆಲದ ಮೇಲೆ ರಾಜ್ಯವಿಲ್ಲದ ದೊರೆಗೆ ಆಕಾಶದಲ್ಲಿ ಮಾತ್ರ ಒಂದು ಪಡೆ ಉಳಿದಿತ್ತು.

ಅದೇ ಶರರ್ ಇನ್ನೊಂದು ಸಂಗತಿ ಹೇಳುತ್ತಾರೆ. ಲಖನೌದಲ್ಲಿ ಒಬ್ಬ ಕುಶಲಿ ಎರಡು ಮರಿಗಳನ್ನು ತೆಗೆದುಕೊಂಡು, ಒಂದರ ಬಲರೆಕ್ಕೆ ಇನ್ನೊಂದರ ಎಡರೆಕ್ಕೆ ಕತ್ತರಿಸಿ, ಎರಡನ್ನೂ ಹೊಲಿದು 'ಜೋಡಿ ಪಾರಿವಾಳ' ಮಾಡುತ್ತಿದ್ದನಂತೆ. ಅವು ದೊಡ್ಡವಾಗಿ ಹಾರುತ್ತಿದ್ದವಂತೆ. ನೋಡಿದ ನವಾಬ ಬೆರಗಾಗುತ್ತಿದ್ದನಂತೆ. ಇದನ್ನು ನಾವು ಕಲೆ ಎಂದು ಕೊಂಡಾಡಬೇಕೇ? ಹಳೆಯದೆಲ್ಲ ನಾಜೂಕು, ನಯ, ತಹಝೀಬು ಎಂದು ಹೆಮ್ಮೆಪಡುವ ಚಾಳಿ ನಮ್ಮಲ್ಲಿದೆ. ಆ ತಹಝೀಬಿನೊಳಗೆ ಕತ್ತರಿಯೂ ಸೂಜಿಯೂ ಇದ್ದವು ಎಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ನೆಲದ ಮೇಲಿಟ್ಟರೆ ಉರುಳಾಡುವ ಲೋಟನ್ ಪಾರಿವಾಳವನ್ನು ನೋಡಿ ನಗುವಾಗಲೂ, ಅದು ಆಟವಲ್ಲ, ತಳಿಯಲ್ಲಿ ಬಂದ ನರಗಳ ದೋಷ ಎಂಬುದು ನೆನಪಿರಲಿ.

ಧರ್ಮಶಾಸ್ತ್ರದವರು ಈ ಹವ್ಯಾಸವನ್ನು ಸಂಶಯದಿಂದಲೇ ನೋಡಿದರು. ಹನ್ನೆರಡನೆಯ ಶತಮಾನದ 'ಹಿದಾಯ' ಗ್ರಂಥ ಹಕ್ಕಿಯಾಟ ಆಡುವವನ ಸಾಕ್ಷ್ಯ ಸ್ವೀಕಾರಾರ್ಹವಲ್ಲ ಎನ್ನುತ್ತದೆ. ಆಟ ಮನುಷ್ಯನನ್ನು ಮೈಮರೆಸುತ್ತದೆ, ಮಾಳಿಗೆ ಹತ್ತಿದವನ ಕಣ್ಣು ನೆರೆಮನೆಯ ಹೆಂಗಸರ ಮೇಲೆ ಬೀಳುತ್ತದೆ ಎಂಬುದು ಕಾರಣ. ಅದರ ಕರ್ತೃ ಮರ್ಗೀನಾನಿ ಹುಟ್ಟಿದ್ದು ಉಮರ್ ಶೇಖ್ ಮಿರ್ಝಾ ಗೂಡಿನೊಂದಿಗೆ ಬಿದ್ದು ಸತ್ತ ಅದೇ ಫರ್ಗಾನಾ ಕಣಿವೆಯಲ್ಲಿ ಎಂಬುದು ಕುತೂಹಲದ ಸಂಗತಿ. ಇನ್ನೊಂದು ಕಡೆ, ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಹಕ್ಕಿ ಸತ್ತಾಗ ಪ್ರವಾದಿಯವರು ಆ ಹಕ್ಕಿಯ ಬಗ್ಗೆ ಅಕ್ಕರೆಯಿಂದ ವಿಚಾರಿಸಿ ಮಗುವನ್ನು ಸಮಾಧಾನಪಡಿಸಿದ ಹದೀಸ್ ಪ್ರಸಿದ್ಧವಾಗಿದೆ. ಅನ್ನ ನೀರು ಕೊಟ್ಟು, ಹಿಂಸಿಸದೆ ಹಕ್ಕಿ ಸಾಕಬಹುದು ಎಂದು ಪಂಡಿತರು ತೀರ್ಮಾನಿಸಿದ್ದು ಇದರಿಂದಲೇ. ಅಲ್ಲಿ ಆಕ್ಷೇಪವಿರುವುದು ಮೈಮರೆವಿನ ಬಗ್ಗೆ, ಅಕ್ಕರೆಯ ಬಗ್ಗೆ ಅಲ್ಲ.

ಉಸ್ತಾದನ ದಿನಚರಿ

ಹಳೆ ದಿಲ್ಲಿಯ ಜಾಮಾ ಮಸೀದಿಯ ಸುತ್ತಲಿನ ಮಾಳಿಗೆಗಳಲ್ಲಿ ಇಂದಿಗೂ ಈ ವಿದ್ಯೆ ಉಳಿದಿದೆ. ಅಲ್ಲಿ ಉಸ್ತಾದ್, ಶಾಗಿರ್ದ್ ಎಂಬ ಶ್ರೇಣಿಯಿದೆ. ಹೊಸ ಹಕ್ಕಿ ಬಂದರೆ ಕೂಡಲೇ ಹಾರಿಸುವುದಿಲ್ಲ. ರೆಕ್ಕೆಯ ಗರಿಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ, ಮಾಳಿಗೆಯ ಮೇಲೆ ಬಿಟ್ಟು, ಸುತ್ತಲಿನ ನೋಟ ಅದರ ಕಣ್ಣಿಗೆ ಕೂರುವವರೆಗೆ ಕಾಯುತ್ತಾರೆ. ಆಮೇಲೆ ಜೋಡಿ ಕಟ್ಟಿಸುತ್ತಾರೆ. ಪಾರಿವಾಳ ಸಾಮಾನ್ಯವಾಗಿ ಒಂದೇ ಜೋಡಿಗೆ ಅಂಟಿಕೊಳ್ಳುವ ಹಕ್ಕಿ. ಸಂಗಾತಿಯೂ ಮೊಟ್ಟೆಯೂ ಇರುವ ಕಡೆಯೇ ಅದರ ಮನೆ. ಹಾರಿಸುವುದು ಊಟಕ್ಕೆ ಮೊದಲು. ಇಳಿಸಬೇಕಾದಾಗ ಕಾಳಿನ ಡಬ್ಬಿ ಅಲ್ಲಾಡಿಸುತ್ತಾರೆ, ಕೂಗುತ್ತಾರೆ, ಕೈಯಲ್ಲಿ ಹಿಡಿದ ಹಕ್ಕಿಯ ರೆಕ್ಕೆ ಬಡಿಸುತ್ತಾರೆ. ಪಕ್ಕದ ಮಾಳಿಗೆಯ ಹಿಂಡು ಬಂದು ಬೆರೆತಾಗ ಯಾರ ಹಕ್ಕಿ ಯಾರ ಹಿಂದೆ ಇಳಿಯುತ್ತದೆ ಎಂಬುದೇ ಪಂದ್ಯ.

ಆರೈಕೆಯ ಸೂತ್ರಗಳು ಸರಳ. ಗೂಡು ಒಣಗಿರಬೇಕು, ಬೆಳಗಿನ ಬಿಸಿಲು ಬೀಳಬೇಕು, ಬೆಕ್ಕು ಹೊಗದಂತಿರಬೇಕು. ನೀರು ದಿನವೂ ಬದಲಾಗಬೇಕು. ಹೆಚ್ಚಿನ ಹಕ್ಕಿಗಳಂತೆ ಕೊಕ್ಕೆತ್ತಿ ನುಂಗದೆ, ಪಾರಿವಾಳ ಕೊಕ್ಕು ಅದ್ದಿ ಹೀರುತ್ತದೆ. ಆದ್ದರಿಂದ ಬಟ್ಟಲು ತುಸು ಆಳವಿರಬೇಕು. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಸಣ್ಣ ಹರಳು, ಸುಣ್ಣದ ಅಂಶಕ್ಕೆ ಚಿಪ್ಪಿನ ಪುಡಿ ಬೇಕು. ವಾರಕ್ಕೊಮ್ಮೆಯಾದರೂ ಸ್ನಾನಕ್ಕೆ ಅಗಲದ ಪಾತ್ರೆ ಇಟ್ಟರೆ ಅವೇ ಇಳಿಯುತ್ತವೆ. ಗರಿ ಉದುರುವ ಕಾಲದಲ್ಲಿ ಹೆಚ್ಚು ಹಾರಿಸಬಾರದು. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕುಳಿತ ಹಕ್ಕಿಯನ್ನು ಕೂಡಲೇ ಬೇರೆ ಇಡಬೇಕು. ಎರಡು ಮೊಟ್ಟೆ, ಹದಿನೇಳು ಹದಿನೆಂಟು ದಿನ ಕಾವು, ಸುಮಾರು ಒಂದು ತಿಂಗಳಿಗೆ ಮರಿ ಹಾರಲು ಸಿದ್ಧ.

ಸಾಕುವವರು ತಮ್ಮ ಆರೈಕೆಯನ್ನೂ ಮರೆಯಬಾರದು. ಒಣಗಿದ ಹಿಕ್ಕೆ ಮತ್ತು ಗರಿಯ ದೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. 2025ರಲ್ಲಿ ಮುಂಬಯಿಯ ಪಾಲಿಕೆ ಅಲ್ಲಿನ ಕಬೂತರ್‌ಖಾನೆಗಳನ್ನು ಮುಚ್ಚಲು ಹೊರಟದ್ದು ಈ ಕಾರಣಕ್ಕೆ. ಗೂಡು ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು, ಮೊದಲು ನೀರು ಚಿಮುಕಿಸುವುದು, ಮಲಗುವ ಕೋಣೆಯಿಂದ ಗೂಡನ್ನು ದೂರ ಇಡುವುದು ಅಗತ್ಯ. ಬಿಟ್ಟೂಬಿಡದ ಒಣಕೆಮ್ಮಿದ್ದರೆ ವೈದ್ಯರಿಗೆ ಮನೆಯಲ್ಲಿ ಪಾರಿವಾಳವಿದೆ ಎಂದು ಹೇಳಲೇಬೇಕು.

ಕೊನೆಯ ಅಂಚೆ

ನಮ್ಮ ದೇಶದಲ್ಲಿ ಸರಕಾರವೇ ನಡೆಸಿದ ಪಾರಿವಾಳದ ಅಂಚೆ ತೀರಾ ಹಳೆಯ ಮಾತಲ್ಲ. ಒಡಿಶಾದ ಪೊಲೀಸ್ ಇಲಾಖೆ 1946ರಲ್ಲಿ ಕೋರಾಪುಟ್‌ನಲ್ಲಿ ಅದನ್ನು ಆರಂಭಿಸಿತು. 1948ರಲ್ಲಿ ಸಂಬಲ್‌ಪುರದಲ್ಲಿದ್ದ ನೆಹರೂ ಕಟಕ್‌ಗೆ ಸಂದೇಶ ಕಳಿಸಿದ್ದು ಅದೇ ಹಕ್ಕಿಗಳ ಮೂಲಕ. 1999ರ ಮಹಾ ಚಂಡಮಾರುತದಲ್ಲಿ ತಂತಿ, ದೂರವಾಣಿ ಎಲ್ಲವೂ ನಿಂತುಹೋದಾಗ ಅವು ಮತ್ತೆ ನೆರವಾದವು. ಮೊಬೈಲ್ ಬಂದ ಮೇಲೆ ಸಂದೇಶದ ಕೆಲಸ ನಿಂತಿತು. ಬೆಂಗಳೂರು, ಚೆನ್ನೈಗಳಲ್ಲಿ ಓಟದ ಪಾರಿವಾಳಗಳ ಸ್ಪರ್ಧೆಗಳು ಮಾತ್ರ ಎಲ್ಲ ಧರ್ಮದ ಹವ್ಯಾಸಿಗಳನ್ನೂ ಸೇರಿಸಿಕೊಂಡು ನಡೆಯುತ್ತಿವೆ.

ಹಕ್ಕಿ ಸಾಕುವ ಆಸೆ ಮಕ್ಕಳಿಗೆ ಬಂದಾಗ ನಾವು ಮೊದಲು ನೋಡುವುದು ಪಂಜರವನ್ನು. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಮನೆಮನೆಗಳಲ್ಲಿ ಅದು ನಡೆದೇ ಇದೆ. ಪಾರಿವಾಳದ ಉಸ್ತಾದರಿಂದ ಕಲಿಯುವುದಿದ್ದರೆ ಇದನ್ನು ಕಲಿಯಬಹುದು: ರೆಕ್ಕೆ ಕತ್ತರಿಸಿ ಉಳಿಸಿಕೊಂಡ ಹಕ್ಕಿ ಯಾರ ಹೆಮ್ಮೆಯೂ ಅಲ್ಲ. ಅವರ ಲೋಕದಲ್ಲಿ ಒಬ್ಬನ ಹೆಸರು ನಿಲ್ಲುವುದು ಅವನು ಎಷ್ಟು ಹಕ್ಕಿ ಹಿಡಿದಿಟ್ಟ ಎಂಬುದರಿಂದಲ್ಲ, ಬಿಟ್ಟ ಹಕ್ಕಿಗಳಲ್ಲಿ ಎಷ್ಟು ಮರಳಿ ಬಂದವು ಎಂಬುದರಿಂದ. ಅಕ್ಬರ್ ಇದಕ್ಕೆ ಇಶ್ಕ್ ಎಂದು ಹೆಸರಿಟ್ಟ. ಅವನ ಆಸ್ಥಾನಿಕ ಅದರಲ್ಲಿ ವಿಧೇಯತೆಯನ್ನು ಕಂಡ. ಹಕ್ಕಿಗೆ ಈ ಎರಡು ಪದಗಳೂ ಗೊತ್ತಿಲ್ಲ. ಕಾಳು, ನೆರಳು, ಸಂಗಾತಿ, ಹೆದರಿಕೆಯಿಲ್ಲದ ಒಂದು ಕೈ ಇರುವ ಕಡೆಗೆ ಅದು ಸಂಜೆ ಹೊತ್ತಿಗೆ ಇಳಿಯುತ್ತದೆ. ಅವು ಇಲ್ಲವಾದ ಮನೆಗೆ ಎಷ್ಟು ಕೂಗಿದರೂ ಇಳಿಯುವುದಿಲ್ಲ.